ಮೇದೋಜೀರಕ ಗ್ರಂಥಿಯ ಸ್ಟೆಂಟ್: ಮೂರನೇ ವಾರದ ಸ್ಕ್ಯಾನ್ ಏಕೆ?

ಸ್ಟೆಂಟ್ ಎಂದೊಡನೆ ನಮಗೆ ನೆನಪಾಗುವುದು ಹೃದಯ. ಅಲ್ಲಿ ಅಳವಡಿಸಿದ್ದು ಜೀವನಪರ್ಯಂತ ಉಳಿಯುತ್ತದೆ. ಮೇದೋಜೀರಕ ಗ್ರಂಥಿಯ ಬಳಿ ಕಟ್ಟಿಕೊಂಡ ದ್ರವವನ್ನು ಬಸಿಯಲು ಹಾಕುವ ಲೋಹದ ಸ್ಟೆಂಟ್ ಹಾಗಲ್ಲ; ಕೆಲಸ ಮುಗಿದೊಡನೆ ಅದನ್ನು ತೆಗೆಯಬೇಕು. ನೋವು ಇಳಿದು ಊಟ ಸೇರತೊಡಗಿದ ಮೇಲೆ ರೋಗಿಗಳು ಮರೆಯುವುದು ಇದನ್ನೇ.

ಪಿತ್ತಕೋಶದ ಕಲ್ಲು, ಮದ್ಯಪಾನ ಮುಂತಾದ ಕಾರಣಗಳಿಂದ ಗ್ರಂಥಿಗೆ ತೀವ್ರ ಉರಿಯೂತವಾದಾಗ ಸುತ್ತಲೂ ದ್ರವ ಶೇಖರವಾಗುವುದುಂಟು. ಬಹಳಷ್ಟು ತಾನಾಗಿಯೇ ಇಂಗುತ್ತದೆ. ಇಂಗದೆ ಉಳಿದದ್ದಕ್ಕೆ ಸುಮಾರು 4 ವಾರಗಳಲ್ಲಿ ಗೋಡೆ ಕಟ್ಟುತ್ತದೆ. ಒಳಗೆ ಬರೀ ದ್ರವವಿದ್ದರೆ ಅದು ಸೂಡೋಸಿಸ್ಟ್, ಸತ್ತ ಅಂಗಾಂಶದ ಚೂರುಗಳೂ ಇದ್ದರೆ ವಾಲ್ಡ್ ಆಫ್ ನೆಕ್ರೋಸಿಸ್. ಸೋಂಕು ತಗುಲಿದಾಗ ಅಥವಾ ಜಠರ, ಪಿತ್ತನಾಳಗಳನ್ನು ಒತ್ತಿದಾಗ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ನೆರವಿನಿಂದ ಜಠರದ ಗೋಡೆಗೆ ರಂಧ್ರ ಮಾಡಿ, ಡಮರುಗದಾಕಾರದ ಸ್ಟೆಂಟ್ ಇರಿಸಿ ದ್ರವವನ್ನು ಜಠರಕ್ಕೆ ಹರಿಸಲಾಗುತ್ತದೆ.

ದ್ರವ ಹೋದಂತೆ ಚೀಲ ಕುಗ್ಗುತ್ತದೆ, ಸ್ಟೆಂಟ್ ಮಾತ್ರ ಇದ್ದಲ್ಲೇ ಇರುತ್ತದೆ. ಆಗ ಅದರ ತುದಿ ಎದುರಿನ ರಕ್ತನಾಳಕ್ಕೆ ಉಜ್ಜಿ ರಕ್ತಸ್ರಾವವಾಗಬಹುದು. ಸ್ಟೆಂಟ್ ಅಂಗಾಂಶದೊಳಗೆ ಹೂತುಹೋಗಲೂಬಹುದು. ಅಮೆರಿಕದ ಫ್ಲಾರಿಡಾದಲ್ಲಿ ನಡೆದ ಪ್ರಯೋಗವೊಂದರಲ್ಲಿ ಇಂಥ ತೊಂದರೆಗಳು ಕಂಡುಬಂದು, 3ನೇ ವಾರಕ್ಕೆ ಸಿ.ಟಿ. ಸ್ಕ್ಯಾನ್ ಮಾಡಿ ಚೀಲ ಬರಿದಾಗಿದ್ದರೆ ಸ್ಟೆಂಟ್ ತೆಗೆಯುವಂತೆ ವಿಧಾನವನ್ನೇ ಬದಲಿಸಲಾಯಿತು. 4 ವಾರಗಳೊಳಗೆ ತೆಗೆಯಬೇಕೆಂದು ಯುರೋಪಿನ ಎಂಡೋಸ್ಕೋಪಿ ಸಂಘದ 2018ರ ಮಾರ್ಗಸೂಚಿಯೂ ಹೇಳಿದೆ.

ಸ್ಕ್ಯಾನ್‌ನಲ್ಲಿ ಚೀಲದ ಅಳತೆಯಷ್ಟನ್ನೇ ನೋಡುವುದಿಲ್ಲ. ಸ್ಟೆಂಟ್ ಜಾರಿದೆಯೇ, ಅಪಧಮನಿಯೊಂದು ಉಬ್ಬಿದೆಯೇ ಎಂಬುದೂ ಮುಖ್ಯ. ಇದಕ್ಕೆ ಕಾಂಟ್ರಾಸ್ಟ್ ಚುಚ್ಚುಮದ್ದು ಬೇಕಾಗುವುದರಿಂದ ಮೂತ್ರಪಿಂಡದ ತೊಂದರೆಯಿದ್ದವರು ಮೊದಲೇ ತಿಳಿಸಬೇಕು. ವರದಿಯಲ್ಲಿ 'ಚೀಲದೊಳಗೆ ಗಾಳಿ' ಎಂದಿದ್ದರೆ ಗಾಬರಿ ಬೇಡ. ಜಠರಕ್ಕೆ ದಾರಿ ತೆರೆದ ಮೇಲೆ ಗಾಳಿ ಸೇರುವುದು ಸಹಜ. ಘನ ಚೂರುಗಳನ್ನು ಸಿ.ಟಿ.ಗಿಂತ ಎಂ.ಆರ್.ಐ. ಚೆನ್ನಾಗಿ ತೋರಿಸುತ್ತದೆ. ಗ್ರಂಥಿಯ ನಾಳ ತುಂಡಾಗಿದೆಯೇ ಎಂದು ತಿಳಿಯಲೂ ಎಂ.ಆರ್.ಸಿ.ಪಿ. ನೆರವಾಗುತ್ತದೆ. ನಾಳ ತುಂಡಾಗಿದ್ದರೆ ದ್ರವ ಮತ್ತೆ ತುಂಬಬಹುದಾದ್ದರಿಂದ ಕೆಲವೊಮ್ಮೆ ಲೋಹದ ಬದಲು ಪ್ಲಾಸ್ಟಿಕ್ ಸ್ಟೆಂಟ್ ಇರಿಸಿ ದೀರ್ಘಕಾಲ ಬಿಡುತ್ತಾರೆ. ತಮಗೆ ಹಾಕಿದ್ದು ಯಾವುದು, ಎಂದು ಹಾಕಿದರು ಎಂಬುದನ್ನು ಬಿಡುಗಡೆ ಪತ್ರದಲ್ಲಿ ನೋಡಿಕೊಳ್ಳುವುದು ಒಳ್ಳೆಯದು.

ಕಪ್ಪು ಮಲ, ರಕ್ತವಾಂತಿ, ಚಳಿಜ್ವರ, ಕಾಮಾಲೆ ಇವುಗಳಲ್ಲಿ ಯಾವುದು ಕಂಡರೂ ಸ್ಕ್ಯಾನ್ ದಿನಕ್ಕೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.