ಪೆಲ್ಟಿಯರ್ ತಂಪು ಮತ್ತು ಬಳ್ಳಾರಿಯ ಬಿಸಿಲು

ಬೇಸಿಗೆಯಲ್ಲಿ ನಮ್ಮ ಗಾಂಧಿನಗರದ ಗಾಳಿಯೇ 40 ಡಿಗ್ರಿ ಮುಟ್ಟುತ್ತದೆ. ಕಂಪ್ಯೂಟರಿನ ಪ್ರೊಸೆಸರನ್ನು ವಿದ್ಯುತ್ತಿನಿಂದಲೇ ತಂಪಾಗಿಸಬಹುದೇ ಎಂದು ಹಳೆಯ ವಿದ್ಯಾರ್ಥಿಗಳು ನನ್ನನ್ನು ಕೇಳುವುದುಂಟು. ಈ ವಿದ್ಯೆಗೆ ಸುಮಾರು ಎರಡು ಶತಮಾನಗಳ ಇತಿಹಾಸವಿದೆ.

ಗಡಿಯಾರದ ಕಸುಬಿನಿಂದ ಭೌತವಿಜ್ಞಾನಕ್ಕೆ ಬಂದ ಫ್ರಾನ್ಸಿನ ಪೆಲ್ಟಿಯರ್ 1834ರಲ್ಲಿ ಒಂದು ವಿಚಿತ್ರವನ್ನು ಕಂಡರು: ಎರಡು ಭಿನ್ನ ಲೋಹಗಳ ಬೆಸುಗೆಗಳಲ್ಲಿ ವಿದ್ಯುತ್ ಹರಿದಾಗ ಒಂದು ತಣ್ಣಗಾಗುತ್ತದೆ, ಇನ್ನೊಂದು ಬಿಸಿಯಾಗುತ್ತದೆ. 1838ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಲೆನ್ಜ್ ಬಿಸ್ಮತ್–ಆಂಟಿಮನಿ ಬೆಸುಗೆಯ ಮೇಲೆ ನೀರಹನಿಯನ್ನು ಹೆಪ್ಪುಗಟ್ಟಿಸಿದರು. ಪ್ರವಾಹವನ್ನು ತಿರುಗಿಸಿ ಕರಗಿಸಿದರು. 1950ರ ದಶಕದಲ್ಲಿ ಬಿಸ್ಮತ್ ಟೆಲ್ಲುರೈಡ್ ಎಂಬ ಅರೆವಾಹಕ ದೊರೆತ ಮೇಲೆ ಈ ತತ್ತ್ವ ಬಳಕೆಗೆ ಒದಗಿತು. 2020ರಲ್ಲಿ ಇಂಟೆಲ್ ಸಂಸ್ಥೆ ಇದನ್ನೇ ಆಧರಿಸಿ ‘ಕ್ರಯೋ’ ತಂತ್ರವನ್ನು ತಂದಿತು, 2023ರಲ್ಲಿ ಕೈಬಿಟ್ಟಿತು.

ಶಾಖ ನಾಶವಾಗದು, ಸ್ಥಳ ಬದಲಿಸುತ್ತದೆ ಅಷ್ಟೆ. ಪ್ರೊಸೆಸರ್ 100 ವ್ಯಾಟ್ ಶಾಖ ಕೊಟ್ಟು, ತಂಪುಫಲಕವೂ 100 ವ್ಯಾಟ್ ನುಂಗಿತೆನ್ನಿ. ಬಿಸಿಬದಿಯಿಂದ 200 ವ್ಯಾಟನ್ನು ಹೊರಹಾಕಬೇಕು, ಅದೂ ಕಾದ ಗಾಳಿಗೆ. ತಂಪು ಹೆಚ್ಚಾದರೆ, ಮಳೆಗಾಲದ ತೇವದಲ್ಲಿ ಇಬ್ಬನಿಗಟ್ಟಿ ವಿದ್ಯುತ್ ಮಂಡಲ ಕೆಡುವ ಭಯ ಬೇರೆ.

ಆದ್ದರಿಂದ ನಿತ್ಯದ ಕೆಲಸಕ್ಕೆ ದೂಳಿಲ್ಲದ ಅಲ್ಯೂಮಿನಿಯಂ ರೆಕ್ಕೆಗಳು, ಒಳ್ಳೆಯ ಫ್ಯಾನು, ಒಣಗದ ಪೇಸ್ಟು ಸಾಕೆಂಬುದು ನನ್ನ ಅಭಿಪ್ರಾಯ. ಪೆಲ್ಟಿಯರರ ಆವಿಷ್ಕಾರದ ಹಿರಿಮೆ ಇದರಿಂದ ಕುಗ್ಗದು; ಅದರ ಸ್ಥಾನ ಸಣ್ಣ ಶಾಖವನ್ನು ನಿಖರವಾಗಿ ನಿಯಂತ್ರಿಸುವ ಪ್ರಯೋಗಾಲಯದ ಉಪಕರಣಗಳಲ್ಲಿದೆ.