ಬಾಟಲಿಯ ಮೇಲಿನ ತಾರೀಖು

ನಮ್ಮ ಕಚೇರಿಯಲ್ಲಿ ಬೆಳಿಗ್ಗೆ ಮೊದಲು ಮಾಡುವ ಕೆಲಸವೆಂದರೆ ರಬ್ಬರ್ ಮೊಹರಿನ ತಾರೀಖು ತಿರುಗಿಸುವುದು. ತಾರೀಖಿಲ್ಲದ ಕಾಗದಕ್ಕೆ ಬೆಲೆಯಿಲ್ಲ. ಔಷಧಕ್ಕೂ ಅಷ್ಟೆ ಎಂಬುದು ನನಗೆ ಮನವರಿಕೆಯಾದದ್ದು ಕಳೆದ ಮಳೆಗಾಲದಲ್ಲಿ. ಧಾರವಾಡದಿಂದ ಬಂದಿದ್ದ ತಾಯಿಯವರಿಗೆ ನಡುರಾತ್ರಿ ಕೆಮ್ಮು ಹೆಚ್ಚಾಯಿತು. ಅವರ ಚೀಲದಲ್ಲಿದ್ದ ಬಾಟಲಿಯನ್ನು ದೀಪದ ಕೆಳಗೆ ಹಿಡಿದು ನೋಡಿದರೆ, ತಾರೀಖಿನ ಜಾಗದಲ್ಲಿ ಒಂದು ಕಪ್ಪು ಕಲೆ ಮಾತ್ರ! ಕೊಡಲು ಧೈರ್ಯ ಬರಲಿಲ್ಲ. ಬಿಸಿನೀರು ಕುಡಿಸುತ್ತ ಬೆಳಗು ಮಾಡಿದೆವು. ಆ ಅಕ್ಷರ ಅಳಿಸಿದ್ದೇಕೆಂದು ಹುಡುಕುತ್ತ ಹೋದಾಗ ತಿಳಿದುಬಂದ ಸಂಗತಿಗಳನ್ನು ಓದುಗರ ಮುಂದಿಡುತ್ತಿದ್ದೇನೆ.

ಔಷಧದ ತಾರೀಖಿಗೂ ನಮ್ಮ ಪುಣೆಗೂ ಹಳೆಯ ನಂಟು. ಪಿಂಪರಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಹಿಂದೂಸ್ಥಾನ್ ಆಂಟಿಬಯಾಟಿಕ್ಸ್ ಮರುವರ್ಷ ಪೆನಿಸಿಲಿನ್ ತಯಾರಿಸತೊಡಗಿತು. ದಿನ ಕಳೆದಂತೆ ಶಕ್ತಿ ಕುಂದುವ ವಸ್ತುವದು. ಹೆಸರು, ಪ್ರಮಾಣಗಳನ್ನು ಚೀಟಿಯ ಮೇಲೆ ಮೊದಲೇ ಅಚ್ಚು ಹಾಕಿಸಿಡಬಹುದು. ಬ್ಯಾಚ್ ಸಂಖ್ಯೆ, ತಾರೀಖುಗಳು ಮಾತ್ರ ಕೊನೆಯ ಗಳಿಗೆಯಲ್ಲೇ ಬೀಳಬೇಕು. ಇಂಥ ಕೆಲಸಕ್ಕೆ ಕಾರ್ಖಾನೆಗಳಲ್ಲಿ ಬಹುಕಾಲ ರಬ್ಬರ್ ಅಚ್ಚುಗಳೇ ಗತಿಯಾಗಿದ್ದವು. 1977ರ ಪೊಟ್ಟಣ ಸಾಮಗ್ರಿಗಳ ನಿಯಮಗಳು ಬಂದ ಮೇಲೆ ಬಿಸ್ಕತ್ತು, ಸಾಬೂನುಗಳಿಗೂ ತಿಂಗಳು, ವರ್ಷ ಬೇಕಾಯಿತು. ಓಡುವ ಪಟ್ಟಿಯ ಮೇಲಿನ ಸಾವಿರಾರು ಪೊಟ್ಟಣಗಳಿಗೆ ಕೈಯಿಂದ ಮೊಹರು ಹಾಕುವುದೆಂತು?

ಮುಟ್ಟದೆ ಬರೆಯುವ ಉಪಾಯ ಅಷ್ಟರಲ್ಲಿ ಸಿದ್ಧವಾಗಿತ್ತು. ಸಣ್ಣ ತೂತಿನಿಂದ ಹೊರಟ ನೀರಿನ ಧಾರೆ ಹನಿಹನಿಯಾಗಿ ಒಡೆಯುವುದೇಕೆಂದು 1878ರಲ್ಲೇ ಲಾರ್ಡ್ ರ್‍ಯಾಲೆ ಗಣಿತದಿಂದ ವಿವರಿಸಿದ್ದರು. ಬಿ.ಎಸ್‌ಸಿ.ಯಲ್ಲಿ ಮೇಲ್ಮೈ ಎಳೆತವನ್ನು ಬಾಯಿಪಾಠ ಮಾಡಿದಾಗ ಇದರಿಂದ ಯಾರಿಗೆ ಏನು ಉಪಯೋಗವೆಂದು ನಾನು ಕೇಳಿಕೊಂಡದ್ದುಂಟು! ಸ್ಟ್ಯಾನ್‌ಫರ್ಡ್‌ನ ರಿಚರ್ಡ್ ಸ್ವೀಟ್ ಎಂಬವರು ಆ ಹನಿಗಳಿಗೆ ವಿದ್ಯುದಂಶ ಕೊಟ್ಟು ಬೇಕಾದತ್ತ ಬಾಗಿಸುವ ಕ್ರಮವನ್ನು 1965ರಲ್ಲಿ ಪ್ರಕಟಿಸಿದರು. ಶಾಯಿ ಎಡೆಬಿಡದೆ ಚಿಮ್ಮುತ್ತದೆ. ಬೇಕಾದ ಹನಿ ಬಾಟಲಿಗೆ, ಬೇಡವಾದದ್ದು ತಿರುಗಿ ತೊಟ್ಟಿಗೆ. ಷಿಕಾಗೋದ ಎ.ಬಿ. ಡಿಕ್ ಕಂಪನಿ ಆ ದಶಕದ ಕೊನೆಗೆ ಇದನ್ನು ವಿಡಿಯೋಜೆಟ್ ಎಂಬ ಯಂತ್ರವಾಗಿ ಮಾರಾಟಕ್ಕಿಟ್ಟಿತು.

ಇನ್ನೊಂದು ದಾರಿ ಜಪಾನಿನಲ್ಲಿ ತೆರೆಯಿತು. 1977ರಲ್ಲಿ ಕ್ಯಾನನ್ ಪ್ರಯೋಗಶಾಲೆಯಲ್ಲಿ ಬಿಸಿ ಬೆಸುಗೆ ಕಡ್ಡಿಯೊಂದು ಶಾಯಿ ತುಂಬಿದ ಪಿಚಕಾರಿಗೆ ತಗುಲಿ ಸೂಜಿಯಿಂದ ಶಾಯಿ ಚಿಮ್ಮಿತಂತೆ. ಬಿಸಿ ಗುಳ್ಳೆಯ ಒತ್ತಡದಿಂದ ಬೇಕೆಂದಾಗ ಮಾತ್ರ ಹನಿ ಹೊರಡಿಸುವ ವಿಧಾನ ಅಲ್ಲಿಂದ ಬೆಳೆಯಿತು. ಅಮೆರಿಕದಲ್ಲಿ ಎಚ್.ಪಿ. ಕಂಪನಿಯೂ ಅದೇ ಹಾದಿ ಹಿಡಿದು 1984ರಲ್ಲಿ ಥಿಂಕ್‌ಜೆಟ್ ತಂದಿತು.

ಎರಡರಲ್ಲಿ ಯಾವುದು ಮೇಲು? ಕೇಳಬೇಕಾದದ್ದು ಬಾಟಲಿಯನ್ನು. ಗಾಜು, ಪ್ಲಾಸ್ಟಿಕ್ಕುಗಳು ಶಾಯಿಯನ್ನು ಹೀರುವುದಿಲ್ಲ. ಅಲ್ಲಿಗೆ ಒಂದೆರಡು ಸೆಕೆಂಡಿನಲ್ಲಿ ಆರುವ ದ್ರಾವಕದ ಶಾಯಿ, ಉಬ್ಬುತಗ್ಗಿನ ಮೇಲೂ ದೂರದಿಂದ ಬರೆಯಬಲ್ಲ ಹರಿವ ಧಾರೆಯ ಯಂತ್ರ ಒಪ್ಪುತ್ತದೆ. ಆದರೆ ಅದರ ಅಕ್ಷರ ಚುಕ್ಕಿಚುಕ್ಕಿ, ನಿಗಾ ಹೆಚ್ಚು, ದ್ರಾವಕದ ವಾಸನೆ ಬೇರೆ. ರಟ್ಟಿನ ಪೆಟ್ಟಿಗೆಗೆ ಬಿಸಿ ಗುಳ್ಳೆಯ ಯಂತ್ರವೇ ಚೆನ್ನ. ಅಕ್ಷರ ಮುದ್ದಾಗಿರುತ್ತದೆ, ಕಾರ್ಟ್ರಿಜ್ ಬದಲಿಸಿದರೆ ಮೂತಿಯೂ ಹೊಸದು. ಅದರ ನೀರಿನ ಶಾಯಿಯನ್ನು ಹೊಳಪಿನ ಮೇಲೆ ಬಳಸಿದರೆ ಮಾತ್ರ ಬೆರಳಿಗೆ ಅಂಟುತ್ತದೆ. ಬಾಟಲಿಗೆ ತೇವವೋ ಜಿಡ್ಡೋ ಇದ್ದರಂತೂ ಒಳ್ಳೆಯ ಶಾಯಿಯೂ ನಿಲ್ಲದು. ನಮ್ಮ ಬಾಟಲಿಯಲ್ಲಿ ನಡೆದದ್ದು ಇವೆರಡರಲ್ಲಿ ಒಂದಿರಬೇಕು. 2023ರ ಆಗಸ್ಟ್‌ನಿಂದ ಮುನ್ನೂರು ಔಷಧ ಬ್ರ್ಯಾಂಡುಗಳಿಗೆ ಬಾರ್‌ಕೋಡ್ ಅಥವಾ ಕ್ಯೂಆರ್ ಸಂಕೇತ ಕಡ್ಡಾಯವಾದ ಮೇಲೆ ನಯವಾದ ಮುದ್ರಣಕ್ಕೆ ಬೆಲೆ ಏರಿದೆ.

ಅಳಿಸದ ಶಾಯಿಯೆಂದರೆ ನಾವು ಕನ್ನಡಿಗರು ಹೆಮ್ಮೆಪಡಬೇಕು. 1962ರಿಂದ ಮತದಾರರ ಬೆರಳಿಗೆ ಹಚ್ಚುವ ಶಾಯಿ ನಮ್ಮ ಮೈಸೂರಿನದೇ. ಚರ್ಮಕ್ಕೆ ಬೇಕಾದ ಶಾಯಿ ಬೇರೆ, ಗಾಜಿಗೆ ಬೇಕಾದದ್ದು ಬೇರೆ ಎಂಬುದು ನಿಜ.

ಈಗ ಔಷಧ ಕೊಳ್ಳುವಾಗ ಒದ್ದೆ ಬೆರಳಿನಿಂದ ತಾರೀಖನ್ನೊಮ್ಮೆ ಉಜ್ಜಿ ನೋಡುತ್ತೇನೆ. ಅಂಗಡಿಯವರಿಗೆ ಇದು ಹಿಡಿಸುವುದಿಲ್ಲ. ತಾಯಿಯವರು ಊರಿಗೆ ಹೊರಟಾಗ ಪ್ರತಿ ಬಾಟಲಿಗೂ ಕನ್ನಡ ಅಂಕಿಯಲ್ಲಿ ತಾರೀಖು ಬರೆದ ಚೀಟಿ ಅಂಟಿಸಿ ಕಳಿಸಿದೆ.