ಗಸಗಸೆ ಬೆಳೆಯುವ ನಾಡಿನಲ್ಲಿ ಮೂಳೆಯ ನೋವು

ಸ್ತನ, ಶ್ವಾಸಕೋಶ, ಪ್ರಾಸ್ಟೇಟ್ ಗ್ರಂಥಿ ಮೊದಲಾದ ಅಂಗಗಳಲ್ಲಿ ಹುಟ್ಟಿದ ಕ್ಯಾನ್ಸರು ಮೂಳೆಗೆ ಹರಡಿದಾಗ ಉಂಟಾಗುವ ನೋವು ಅತ್ಯಂತ ದಾರುಣವಾದುದು. ಮೂಳೆಯು ಸದಾ ಕರಗುತ್ತ, ಮತ್ತೆ ಕಟ್ಟಿಕೊಳ್ಳುತ್ತ ಇರುವ ಸಜೀವ ವಸ್ತು. ಕರಗಿಸುವ ಜೀವಕೋಶಗಳನ್ನು ರೋಗವು ಕೆರಳಿಸಿ ಈ ಸಮತೋಲವನ್ನು ಕೆಡಿಸುತ್ತದೆ. ಆಗ ರೋಗಿಗೆ ನಿದ್ರೆ ದೂರವಾಗುವುದು. ಮಗ್ಗುಲು ಬದಲಿಸುವುದೂ ಯಾತನೆಯಾಗುವುದು.

ಇದಕ್ಕೆ ಉಪಾಯವಿಲ್ಲದಿಲ್ಲ. ನೋವಿರುವ ಮೂಳೆಗೆ ಒಂದೇ ಸಲ 8 ಗ್ರೇ ಪ್ರಮಾಣದ ವಿಕಿರಣವನ್ನು ಕೊಟ್ಟರೆ ಅನೇಕರಿಗೆ ಕೆಲವು ವಾರಗಳಲ್ಲಿ ಶಮನ ದೊರೆಯುತ್ತದೆ. ಆದರೆ ಆ ವಾರಗಳನ್ನು ಕಳೆಯುವುದೆಂತು? ಅಲ್ಲಿಯೇ ಮಾರ್ಫಿನ್ನಿನ ಪ್ರಸಕ್ತಿ. ವಿಶ್ವ ಆರೋಗ್ಯ ಸಂಸ್ಥೆಯು 1986ರಲ್ಲಿ ಪ್ರಕಟಿಸಿದ ಕೈಪಿಡಿಯು, ತೀವ್ರವಾದ ನೋವಿಗೆ ಮಾರ್ಫಿನ್ನನ್ನು ಬಾಯಿಯ ಮೂಲಕ, ಗೊತ್ತಾದ ಹೊತ್ತಿಗೆ ತಪ್ಪದೆ ಕೊಡಬೇಕೆಂದು ವಿಧಿಸಿತು. ನೋವು ಮರುಕಳಿಸುವವರೆಗೆ ಕಾಯಿಸುವ ಹಳೆಯ ಪದ್ಧತಿಯನ್ನು ಅದು ತಳ್ಳಿಹಾಕಿತು.

ಮಾರ್ಫಿನ್ನಿನ ಮೂಲ ಅಫೀಮು. ಭಾರತದಲ್ಲಿ ಅದಕ್ಕೆ ಕೊರತೆಯಿಲ್ಲ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಪರವಾನಗಿ ಪಡೆದ ರೈತರು ಗಸಗಸೆ ಗಿಡವನ್ನು ಬೆಳೆಯುತ್ತಾರೆ. ಘಾಜಿಪುರದ ಅಫೀಮು ಕಾರ್ಖಾನೆ 1820ರಷ್ಟು ಹಳೆಯದು. ಅಫೀಮು ಹೊರದೇಶಗಳಿಗೂ ರಫ್ತಾಗುತ್ತಿತ್ತು. ಇಲ್ಲಿಯ ರೋಗಿಗೆ ಮಾತ್ರ ಮದ್ದು ಸಿಗಲಿಲ್ಲ.

ಕಾರಣವನ್ನು ಕಾನೂನಿನಲ್ಲಿ ಹುಡುಕಬೇಕು. ಕೈಪಿಡಿ ಬರುವುದಕ್ಕೆ ಒಂದು ವರ್ಷ ಮೊದಲು, 1985ರಲ್ಲಿ, ಮಾದಕ ದ್ರವ್ಯಗಳ ಅಧಿನಿಯಮ ಜಾರಿಗೆ ಬಂದಿತು. ಅದು ವೈದ್ಯಕೀಯ ಬಳಕೆಯನ್ನು ನಿಷೇಧಿಸಿರಲಿಲ್ಲವೆಂಬುದು ಗಮನಾರ್ಹ. ಆದರೆ ಅನೇಕ ಅಪರಾಧಗಳಿಗೆ ಕನಿಷ್ಠ 10 ವರ್ಷಗಳ ಸೆರೆವಾಸವನ್ನು ಗೊತ್ತುಪಡಿಸಿತ್ತು. ಮದ್ದು ತರಿಸಲು ಹಲವು ಇಲಾಖೆಗಳ ಪರವಾನಗಿ ಬೇಕು. ಒಂದು ಕೈಸೇರುವಷ್ಟರಲ್ಲಿ ಇನ್ನೊಂದರ ಅವಧಿ ತೀರುವುದು. ಈ ಕಾಗದಪತ್ರಗಳ ಕಾಟಕ್ಕೂ ಶಿಕ್ಷೆಯ ಭಯಕ್ಕೂ ಅಂಜಿ ಆಸ್ಪತ್ರೆಗಳೂ ಔಷಧದಂಗಡಿಗಳೂ ಮಾರ್ಫಿನ್ನನ್ನು ಇಡುವುದನ್ನೇ ಬಿಟ್ಟವು. ಕಳ್ಳಸಾಗಣೆಗಾರನಿಗೆಂದು ಹಾಕಿದ ಬೇಲಿ ರೋಗಿಯನ್ನು ತಡೆಯಿತು.

ಮುಂಬಯಿಯಲ್ಲಿ 1986ರಲ್ಲಿ ಶಾಂತಿ ಅವೇದನಾ ಸದನವು ಕ್ಯಾನ್ಸರು ಉಲ್ಬಣಿಸಿದವರಿಗೆ ಆಶ್ರಯವಾಯಿತು. ಕಲ್ಲಿಕೋಟೆಯ ವೈದ್ಯಕೀಯ ಕಾಲೇಜಿನಲ್ಲಿ 1993ರಲ್ಲಿ ನೋವಿನ ಚಿಕಿತ್ಸಾಲಯ ಆರಂಭವಾಯಿತು. ಅದರ ಸ್ಥಾಪಕರಲ್ಲೊಬ್ಬರಾದ ಡಾ. ಎಂ. ಆರ್. ರಾಜಗೋಪಾಲ್ ಮೊದಲಾದವರ ದೀರ್ಘ ಪ್ರಯತ್ನದ ತರುವಾಯ 2014ರಲ್ಲಿ ಸಂಸತ್ತು ಅಧಿನಿಯಮವನ್ನು ತಿದ್ದಿತು. ಮಾರ್ಫಿನ್ ಮೊದಲಾದವು ಅವಶ್ಯಕ ಔಷಧಗಳೆಂಬ ಪ್ರತ್ಯೇಕ ವರ್ಗಕ್ಕೆ ಸೇರಿ, ಹಲವು ಪರವಾನಗಿಗಳ ಬದಲು ರಾಜ್ಯದ ಔಷಧ ನಿಯಂತ್ರಕರ ಒಂದೇ ಮಾನ್ಯತೆ ಸಾಕೆಂದಾಯಿತು.

ಆದರೂ ಈ ಮದ್ದನ್ನು ಬರೆದುಕೊಡುವ ಅಭ್ಯಾಸವೇ ಇಲ್ಲದೆ ಒಂದು ತಲೆಮಾರಿನ ವೈದ್ಯರು ತಯಾರಾಗಿದ್ದರು. ವೈದ್ಯಪದವಿಯ ಪಠ್ಯಕ್ರಮದಲ್ಲಿ ಉಪಶಮನ ಚಿಕಿತ್ಸೆಗೆ ಸ್ಥಾನ ದೊರೆತದ್ದು 2019ರಲ್ಲಿ.